ಒಂಬತ್ತು ಹೆಂಗಸರ ಪಟ್ಟಿ

ಇಪ್ಪತ್ತೆರಡು ವರ್ಷ ಕೊಲ್ಲಿ ದೇಶದ ಶುಐಬಾ ಬಂದರಿನಲ್ಲಿ ಸರಕಿನ ಪಟ್ಟಿ ಬರೆದವನು ನಾನು. ಅಕ್ಕಿ ಮೂಟೆ, ಕಬ್ಬಿಣದ ಪೈಪು, ಹೊಲಿಗೆ ಯಂತ್ರ, ಜೀವಂತ ಕುರಿ, ಏನೇ ಬರಲಿ, ಅದು ಮೊದಲು ನನ್ನ ಹಾಳೆಯ ಮೇಲೆ ಇಳಿದು ಆಮೇಲೆ ನೆಲಕ್ಕೆ ಇಳಿಯಬೇಕು. ಅಷ್ಟೂ ವರ್ಷಗಳಲ್ಲಿ ಕಸ್ಟಮ್ಸಿನವರು ನನ್ನ ಒಂದೇ ಒಂದು ಪಟ್ಟಿಯನ್ನೂ ತಪ್ಪು ಎಂದು ವಾಪಸು ಕಳಿಸಿದ್ದಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ಊಟಕ್ಕೆ ಬಂದ ನೆಂಟರೆದುರು ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಆಗ್ನೆಸ್ ತಾನೇ ಅದನ್ನು ಹೇಳಿ ಮುಗಿಸಿಬಿಡುತ್ತಿದ್ದಳು. ಆ ಹೆಮ್ಮೆಯಿಂದಲೇ ನಾನು ಒಂಬತ್ತು ಹೆಂಗಸರನ್ನು ಹಾಳುಮಾಡಿದೆ. ಅವರಲ್ಲಿ ಒಬ್ಬಳು ಸೈನಬಾ.

ಸೈನಬಾ ಉಳ್ಳಾಲದ ಬ್ಯಾರಿ ಹೆಂಗಸು. ಫಿಂಟಾಸ್‌ನಲ್ಲಿ ನಮ್ಮ ಕಂಪೆನಿ ಕ್ವಾರ್ಟರ್ಸಿನ ಎದುರಿಗಿದ್ದ ಬಂಗಲೆಯಲ್ಲಿ ಏಳು ವರ್ಷದಿಂದ ಮನೆಗೆಲಸಕ್ಕಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಮಗಳು ಮೈಮೂನಳನ್ನು ತಾಯಿಯ ಬಳಿ ಬಿಟ್ಟು ಬಂದವಳು, ಮತ್ತೆ ಊರಿನ ಮುಖ ನೋಡಿರಲಿಲ್ಲ. ಅವಳ ಪಾಸ್‌ಪೋರ್ಟು ಕಫೀಲನ ಬೀರುವಿನಲ್ಲಿತ್ತು. ಹೊರಗಿನಿಂದ ದುಡಿಯಲು ಬಂದ ಪ್ರತಿಯೊಬ್ಬರಿಗೂ ಇಲ್ಲಿ ಒಬ್ಬ ಕಫೀಲ್ ಇರಲೇಬೇಕು. ನಾವು ಬರುವುದು, ಇರುವುದು, ಹೋಗುವುದು ಎಲ್ಲ ಅವನ ಹೆಸರಿನ ಮೇಲೆ. ನನಗೂ ಒಬ್ಬನಿದ್ದ, ಒಳ್ಳೆಯವನೇ. ಹಾಗಾಗಿ ಈ ಏರ್ಪಾಟಿನ ಬಗ್ಗೆ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ.

ದಿನಾ ಸಂಜೆ ಐದಕ್ಕೆ ಅವಳು ಕಸದ ಚೀಲ ಹಿಡಿದು ಬೀದಿಯ ತೊಟ್ಟಿಯ ಹತ್ತಿರ ಬರುತ್ತಿದ್ದಳು. ಮನೆಯಿಂದ ಒಬ್ಬಳೇ ಹೊರಗೆ ಬರಲು ಅವಳಿಗೆ ಅಪ್ಪಣೆಯಿದ್ದದ್ದು ಆ ಹತ್ತು ನಿಮಿಷ ಮಾತ್ರ. ಆಗ್ನೆಸ್ ತಾನೂ ಒಂದು ಚೀಲ ಹಿಡಿದು ಇಳಿಯುತ್ತಿದ್ದಳು. ಕಸವಿಲ್ಲದ ದಿನ ಹಳೇ ಪೇಪರು ಮುದುಡಿ ಚೀಲ ತುಂಬಿಸಿಕೊಂಡಾದರೂ ಹೋಗುತ್ತಿದ್ದಳು. ಇಬ್ಬರೂ ಮೀನಿನ ವಿಷಯ, ಮಕ್ಕಳ ವಿಷಯ ಮಾತಾಡುತ್ತಿದ್ದರು. ನಾನು ಬಾಲ್ಕನಿಯಲ್ಲಿ ನಿಂತು, ಈ ಹೆಂಗಸರಿಗೆ ನಾರುವ ತೊಟ್ಟಿಯ ಬಳಿ ನಿಲ್ಲಲು ಹೇಗೆ ಮನಸ್ಸು ಬರುತ್ತದೋ ಎಂದು ಗೊಣಗುತ್ತಿದ್ದೆ.

ತೊಂಬತ್ತರ ಆಗಸ್ಟ್ ಎರಡರಂದು ಇರಾಕಿನ ಸೈನ್ಯ ಒಳಗೆ ಬಂತು. ಮೂರನೆಯ ದಿನ ಎದುರು ಮನೆಯವರು ಎರಡು ಕಾರಿನಲ್ಲಿ ಸಾಮಾನು ತುಂಬಿಕೊಂಡು ದಕ್ಷಿಣಕ್ಕೆ, ಸೌದಿಯ ಕಡೆ ಹೊರಟುಹೋದರು. ಪಾಸ್‌ಪೋರ್ಟು ಅವರ ಜೊತೆಗೇ ಹೋಯಿತು. ಮನೆ ನೋಡಿಕೊಂಡಿರು ಎಂದು ಸೈನಬಾಳಿಗೆ ಹೇಳಿ, ಗೇಟಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐದನೆಯ ದಿನ ಅವಳು ತಾರಸಿಯ ಮೇಲೆ ನಿಂತು ನಮ್ಮ ಬಾಲ್ಕನಿಯ ಕಡೆ ಕೂಗಿದಳು.

“ಪೊರ್ಬುಗಳೇ, ನೀರು ಖಾಲಿ ಆಯ್ತು.”

ನಮ್ಮೂರಿನ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುತ್ತಾರೆ. ಪಕ್ಕದ ಮನೆಯ ಕ್ಲೆಮೆಂಟನೂ ನಾನೂ ಕಬ್ಬಿಣದ ಸಲಾಕೆಯಿಂದ ಬೀಗ ಒಡೆದೆವು. ಅಂದಿನಿಂದ ಅವಳು ನಮ್ಮ ಮನೆಯಲ್ಲಿದ್ದಳು.

ಸೆಪ್ಟೆಂಬರಿನಲ್ಲಿ ಇಂಡಿಯಾದವರೆಲ್ಲ ಬಸ್ಸು ಹಿಡಿದು ಬಸ್ರಾ, ಬಾಗ್ದಾದ್, ಅಮ್ಮಾನ್ ದಾಟಿ ವಿಮಾನ ಹತ್ತುತ್ತಿದ್ದರು. ಆಗ್ನೆಸ್, ನಮ್ಮ ಮಕ್ಕಳು ಆಲ್ರೊಯ್, ಪರ್ಲ್ ಮೂವರನ್ನೂ ಮೊದಲು ಕಳಿಸಿ, ನಾನು ಆಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಸೈನಬಾಳೂ ಹೊರಟು ನಿಂತಿದ್ದಳು. ಹಿಂದಿನ ದಿನ ಸುದ್ದಿ ಬಂತು, ದಾರಿಯ ಚೆಕ್‌ಪೋಸ್ಟಿನಲ್ಲಿ ಕಾಗದವಿಲ್ಲದ ಇಬ್ಬರು ಹೆಂಗಸರನ್ನು ಸೈನಿಕರು ಬಸ್ಸಿನಿಂದ ಇಳಿಸಿಕೊಂಡರಂತೆ, ಆಮೇಲೆ ಅವರು ಏನಾದರೋ ಯಾರಿಗೂ ಗೊತ್ತಿಲ್ಲವಂತೆ. ಸೈನಬಾ ಚೀಲ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಕೂತುಬಿಟ್ಟಳು. ಬಸ್ಸು ಹತ್ತುವಾಗ ಆಗ್ನೆಸ್ ನನ್ನ ಕೈ ಹಿಡಿದಳು.

“ಅವಳನ್ನು ಕರ್ಕೊಂಡೇ ಬನ್ನಿ. ನೀವೊಬ್ರೇ ಬಂದ್ರೆ ನಾನು ಬಾಗಿಲು ತೆಗೆಯುದಿಲ್ಲ.”

“ಆಯ್ತು ಮಾರಾಯ್ತಿ, ಹತ್ತು ನೀನು,” ಎಂದೆ. ಮಾತು ಕೊಟ್ಟ ಹಾಗಾಯಿತು.

ಸಮುದ್ರದ ದಾರಿ ಹೊಳೆದದ್ದು ಅಕ್ಟೋಬರಿನಲ್ಲಿ. ಭಟ್ಕಳದ ಅಬ್ದುಲ್ ನಾಸಿರ್ ಎಂಬ ನಾಖುದ, ಅಂದರೆ ಲಾಂಚಿನ ಯಜಮಾನ, ತನ್ನ ಮರದ ಲಾಂಚಿನೊಂದಿಗೆ ಶುಐಬಾದಲ್ಲಿ ಸಿಕ್ಕಿಬಿದ್ದಿದ್ದ. ನನಗೆ ಹಳೆಯ ಪರಿಚಯ. ಬಂದರು ಕಾಯುತ್ತಿದ್ದ ಸೈನಿಕರಿಗೆ ಎರಡು ಟೇಪ್ ರೆಕಾರ್ಡರ್ ಕೊಟ್ಟು ಹೊರಹೋಗಲು ಒಪ್ಪಿಗೆ ಪಡೆದಿದ್ದ. ದುಬೈವರೆಗೆ ಹೋದರೆ ಅಲ್ಲಿ ನಮ್ಮ ಕಾನ್ಸುಲೇಟ್ ಇದೆ, ಕಾಗದ ಮಾಡಿಸಬಹುದು.

“ಖಾಲಿ ಲಾಂಚ್ ಹೋಗುದಕ್ಕಿಂತ ನಾಲ್ಕು ಜನ ಬಂದ್ರೆ ನಂಗೂ ಪುಣ್ಯ ಭಾಯಿ. ಆದ್ರೆ ಹೊರಗೆ ಆ ದೊಡ್ಡ ದೊಡ್ಡ ಹಡಗುಗಳು ನಿಂತಿವೆಯಲ್ಲ. ನಂಗೆ ಇಂಗ್ಲಿಷ್ ಬರೂದಿಲ್ಲ. ನೀವು ಜೊತೆಗಿರ್ಬೇಕು,” ಎಂದ ಅಬ್ದುಲ್ ನಾಸಿರ್.

ಆ ಹಡಗುಗಳ ವಿಷಯ ರೇಡಿಯೋದಲ್ಲಿ ದಿನವೂ ಬರುತ್ತಿತ್ತು. ವಿಶ್ವಸಂಸ್ಥೆಯಲ್ಲಿ ನಿರ್ಣಯವಾಗಿ, ಹಲವು ದೇಶಗಳ ಯುದ್ಧನೌಕೆಗಳು ಕೊಲ್ಲಿಯಲ್ಲಿ ಬರುವ ಹೋಗುವ ಪ್ರತಿಯೊಂದನ್ನೂ ತಡೆದು ತಪಾಸಣೆ ಮಾಡುತ್ತಿದ್ದವು. ಮದ್ದುಗುಂಡು ಇರಾಕಿಗೆ ಹೋಗಬಾರದು, ಎಣ್ಣೆ ಹೊರಗೆ ಬರಬಾರದು. ನನಗೆ ಹೆದರಿಕೆಯೇನೂ ಆಗಲಿಲ್ಲ. ಖಾಲಿ ಲಾಂಚಿಗೆ ಯಾವ ಭಯ? ಪಟ್ಟಿ ಸರಿಯಿದ್ದರೆ ಆಯಿತಲ್ಲ.

ಸುದ್ದಿ ಕಿವಿಯಿಂದ ಕಿವಿಗೆ ಹೋಗಿ ಹೆಂಗಸರು ಒಂಬತ್ತಾದರು. ಎಲ್ಲರೂ ಮನೆಗೆಲಸದವರು, ಎಲ್ಲರ ಪಾಸ್‌ಪೋರ್ಟೂ ಓಡಿಹೋದ ಕಫೀಲರ ಬಳಿ. ಹವಲ್ಲಿಯ ಒಂದು ಫ್ಲಾಟಿನಲ್ಲಿ ಅಡಗಿದ್ದ ಕಾಸರಗೋಡಿನ ಸೌದಾ, ಕಡಪದ ಕಡೆಯ ನಾಲ್ವರು, ಸಿಂಹಳದ ಮೂವರು. ಹೊರಡುವ ಹಿಂದಿನ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ನಾನು ಪಟ್ಟಿ ಬರೆಯಲು ಕೂತೆ. ಆಫೀಸಿನ ಹಾಳೆ, ಆಫೀಸಿನ ಟೈಪ್‌ರೈಟರ್. ಕ್ರಮಸಂಖ್ಯೆ, ಹೆಸರು, ದೇಶ, ಪಾಸ್‌ಪೋರ್ಟ್ ನಂಬರು, ಕೊನೆಗೆ ಕಫೀಲನ ಹೆಸರು.

ಪಾಸ್‌ಪೋರ್ಟಿನ ಕಾಲಂ ಉದ್ದಕ್ಕೂ ಖಾಲಿ. ಅದನ್ನು ನೋಡಿಯೇ ನನಗೆ ಸಂಕಟವಾಗುತ್ತಿತ್ತು. ಕಫೀಲನ ಹೆಸರು ಕೇಳಿದರೆ ಒಬ್ಬಳು ‘ಬಾಬಾ’ ಎಂದಳು, ಇನ್ನೊಬ್ಬಳು ‘ದೊಡ್ಡ ಬಾಬಾ’ ಎಂದಳು. ವರ್ಷಗಟ್ಟಲೆ ದುಡಿದ ಮನೆಯ ಯಜಮಾನನ ಪೂರ್ತಿ ಹೆಸರು ಮೂವರಿಗೆ ಗೊತ್ತೇ ಇರಲಿಲ್ಲ. ಎರಡು ಕಾಲಂ ಖಾಲಿ ಬಿಟ್ಟ ಪಟ್ಟಿಗೆ ನನ್ನ ಜನ್ಮದಲ್ಲಿ ನಾನು ಸಹಿ ಮಾಡಿದವನಲ್ಲ. ಸ್ವಲ್ಪ ಯೋಚಿಸಿ, ಈ ಪ್ರಯಾಣದ ಮಟ್ಟಿಗೆ ಇವರ ಜವಾಬ್ದಾರಿ ಯಾರದ್ದೋ ಅವನ ಹೆಸರನ್ನೇ ಹಾಕುವುದು ಸರಿ ಎಂದು ತೀರ್ಮಾನಿಸಿದೆ. ಮೊದಲ ಸಾಲಿನಲ್ಲಿ ನಾಖುದ ಅಬ್ದುಲ್ ನಾಸಿರ್ ಎಂದು ಹೊಡೆದು, ಕೆಳಗಿನ ಎಂಟು ಸಾಲಿಗೂ ‘ಮೇಲಿನಂತೆ’ ಎಂಬ ಗುರುತು ಹಾಕಿದೆ. ಹಾಳೆ ಅಚ್ಚುಕಟ್ಟಾಗಿ ಕಂಡಿತು. ಸಮಾಧಾನವೂ ಆಯಿತು.

ಸೈನಬಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇದ್ರಲ್ಲಿ ನನ್ನ ಹೆಸ್ರು ಯಾವುದು?”

“ಎರಡನೇದು.”

“ಅದ್ರ ಆಚೆ ಇರುದು?”

“ನಾಖುದನ ಹೆಸ್ರು. ಅದೆಲ್ಲ ನಿಂಗೆ ಅರ್ಥ ಆಗುದಿಲ್ಲ. ನೋಡು, ಎಲ್ಲರಿಗೂ ಹೇಳಿಡು. ಯಾರು ಬಂದು ಎಂತ ಕೇಳಿದ್ರೂ ಬಾಯಿ ಬಿಡ್ಬಾರ್ದು. ಒಬ್ಬೊಬ್ರು ಒಂದೊಂದು ಹೇಳಿದ್ರೆ ಎಲ್ಲ ಕೆಡ್ತದೆ. ನಾನೇ ಮಾತಾಡ್ತೇನೆ.”

“ಆಯ್ತು ಪೊರ್ಬುಗಳೇ,” ಎಂದು ಅವಳು ಒಳಗೆ ಹೋಗಿ ಉಳಿದವರಿಗೆ ಹೇಳಿದಳು. ಒಂಬತ್ತು ಜನರೂ ತಲೆಯಾಡಿಸಿದರು. ಮಾತು ಕೇಳಿ ಅಭ್ಯಾಸವಾಗಿದ್ದ ಹೆಂಗಸರು.

ಬೆಳಗಿನ ಬೆಳಕಿನಲ್ಲೇ ಲಾಂಚು ಹೊರಟಿತು. ದಡದಿಂದ ಯಾರ ಕಣ್ಣಿಗೂ ಬೀಳಬಾರದೆಂದು ಹೆಂಗಸರನ್ನೆಲ್ಲ ಕೆಳಗೆ ಸರಕು ತುಂಬುವ ಜಾಗದಲ್ಲಿ ಕೂರಿಸಿ ಮೇಲೆ ಟಾರ್ಪಾಲು ಹಾಕಿದೆವು. ಅಲ್ಲಿ ಹಳೆಯ ಒಣಮೀನಿನ ವಾಸನೆ, ಸೆಕೆ. ಸೈನಬಾ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅದರಲ್ಲಿ ಮಗಳಿಗೆಂದು ತೆಗೆದಿಟ್ಟ ಒಂದು ನೀಲಿ ಫ್ರಾಕು. ಎರಡು ವರ್ಷದ ಮಗುವಿನ ಅಂದಾಜಿನಲ್ಲಿ ಮೊದಲ ವರ್ಷವೇ ತೆಗೆದದ್ದು. ಒಂಬತ್ತು ವರ್ಷದ ಹುಡುಗಿಗೆ ಅದು ತೋಳಿಗೂ ಆಗಲಾರದು ಎಂದು ನಾನು ಹೇಳಲು ಹೋಗಿ ಸುಮ್ಮನಾದೆ. ಅಷ್ಟು ಬುದ್ಧಿ ಆ ದಿನ ನನಗಿತ್ತು.

ಎರಡನೆಯ ದಿನ ಮಧ್ಯಾಹ್ನ ಬೂದು ಬಣ್ಣದ ಒಂದು ಯುದ್ಧನೌಕೆ ನಮ್ಮನ್ನು ತಡೆಯಿತು. ಯಾವ ದೇಶದ್ದೋ ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಏನಿಲ್ಲ. ಸಣ್ಣ ದೋಣಿಯಲ್ಲಿ ಎಂಟು ಜನ ಬಂದೂಕು ಹಿಡಿದು ಬಂದು ಹತ್ತಿದರು. ಅವರ ಮೇಲಧಿಕಾರಿ ಎಳೆಯ ವಯಸ್ಸಿನವನು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಜೊತೆಗೆ ಅರಬಿ ಬಲ್ಲ ಒಬ್ಬನಿದ್ದ. ಮದ್ದುಗುಂಡು ಇದೆಯೇ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಖಾಲಿ ಲಾಂಚು ಸರ್, ಎಂದು ನಾನು ಮುಂದೆ ಬಂದೆ. ಅಷ್ಟರಲ್ಲಿ ಅವನ ಜನ ಟಾರ್ಪಾಲು ಎತ್ತಿದರು. ಕೆಳಗೆ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು, ಬಿಸಿಲಿಗೆ ಕಣ್ಣು ಮುಚ್ಚಿದ್ದರು.

ಅಧಿಕಾರಿಯ ಮುಖ ಬಿಗಿಯಿತು. ನಾನು ಗಡಿಬಿಡಿಯಲ್ಲಿ ನನ್ನ ಪಟ್ಟಿಯನ್ನು ಅವನ ಕೈಗೆ ಕೊಟ್ಟೆ. ಇದೊಂದು ನೋಡಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದೇ ನಾನು ನಂಬಿದ್ದೆ. ಅವನು ಬೆರಳಿಟ್ಟು ಸಾಲು ಸಾಲಾಗಿ ಓದಿದ.

“ಇವರ ಪಾಸ್‌ಪೋರ್ಟುಗಳೆಲ್ಲಿ?”

“ಅವರ ಯಜಮಾನರ ಹತ್ತಿರ.”

“ಇವರ ಪಾಸ್‌ಪೋರ್ಟು ಬೇರೆಯವರ ಹತ್ತಿರ ಏಕೆ?”

“ಅದು ಹಾಗೆಯೇ, ಸರ್. ಎಲ್ಲರದ್ದೂ ಹಾಗೆಯೇ.”

“ಈ ಹೆಸರು ಯಾರದ್ದು?” ಕೊನೆಯ ಕಾಲಂ ಮೇಲೆ ಅವನ ಬೆರಳಿತ್ತು.

ನಾನು ಅಬ್ದುಲ್ ನಾಸಿರನನ್ನು ತೋರಿಸಿದೆ. ಅವನು ಪಾಪ, ಏನೂ ತಿಳಿಯದೆ ನಗುತ್ತ ಸಲಾಮು ಹಾಕಿದ.

“ಒಂಬತ್ತು ಹೆಂಗಸರೂ ಈ ಒಬ್ಬ ಗಂಡಸಿನ ಹೆಸರಿನಲ್ಲಿ ಏಕಿದ್ದಾರೆ?”

“ಯಾರದಾದರೂ ಹೆಸರಿನಲ್ಲಿ ಇರಬೇಕಲ್ಲ, ಸರ್,” ಎಂದೆ.

“ಏಕೆ?” ಎಂದು ಕೇಳಿದ ಅವನು.

ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಅವನು ನಿಧಾನವಾಗಿ, ಪಾಠ ಒಪ್ಪಿಸುವ ಹಾಗೆ ಹೇಳಿದ. ಸಮುದ್ರಕ್ಕೆ ಹಳೆಯ ಕಾನೂನೊಂದಿದೆಯಂತೆ. ಮನುಷ್ಯರನ್ನು ಮಾರಲು ಸಾಗಿಸುತ್ತಿದ್ದಾರೆಂದು ಅನುಮಾನ ಬಂದರೆ ಯಾವ ದೇಶದ ಯುದ್ಧನೌಕೆಯಾದರೂ ಯಾವ ಹಡಗನ್ನಾದರೂ ನಿಲ್ಲಿಸಬಹುದಂತೆ. ನಾನು ನಕ್ಕುಬಿಟ್ಟೆ. ಗುಲಾಮರೇ? ಈ ಕಾಲದಲ್ಲೇ? ಎಂದೆ. ಅವನು ನಗಲಿಲ್ಲ. ಮನೆಯಿಂದ ಹೊರಗೆ ಹೋಗಲು ಇವರಿಗೆ ಬಿಡುತ್ತಿದ್ದರೇ ಎಂದು ಕೇಳಿದ. ದಿನಕ್ಕೆ ಹತ್ತು ನಿಮಿಷ, ಕಸ ಹಾಕಲು, ಎಂದೆ. ಕೊನೆಯ ಸಲ ಊರಿಗೆ ಹೋದದ್ದು ಯಾವಾಗ ಎಂದ. ಹೋಗಿಲ್ಲ ಎಂದೆ. ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಹೇಳುತ್ತ ಹೋದಂತೆ ನನ್ನ ಕಿವಿಗೇ ಅದು ಬೇರೆಯಾಗಿ ಕೇಳತೊಡಗಿತು.

ಕೊನೆಗೆ ಅವನು ನನ್ನನ್ನು ಬದಿಗೆ ಸರಿಸಿ ಹೆಂಗಸರನ್ನೇ ಕೇಳಲು ಹೊರಟ. ಅರಬಿಯವನು ಸೈನಬಾಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆತ್ತಗೆ ಏನೋ ಕೇಳಿದ. ಸೈನಬಾ ನನ್ನ ಮುಖ ನೋಡಿದಳು. ಅವನು ಇನ್ನೊಮ್ಮೆ ಕೇಳಿದ. ಅವಳು ಆಗಲೂ ನನ್ನನ್ನೇ ನೋಡುತ್ತ ತುಟಿ ಬಿಗಿಹಿಡಿದಳು. ಸೌದಾಳನ್ನು ಕೇಳಿದರೆ ಅವಳೂ ಹಾಗೆಯೇ. ನಾನು ಆಗ ಮಾತಾಡಿ ಎಂದು ಕೂಗಬಹುದಿತ್ತು, ಕೂಗಲಿಲ್ಲ. ನಾನು ಹೇಳಿಕೊಟ್ಟಂತೆ ಎಷ್ಟು ಸರಿಯಾಗಿ ನಡೆದುಕೊಂಡರು ಎಂದು ಒಂದು ಕ್ಷಣ ಮೆಚ್ಚಿಕೊಂಡೆ. ದೇವರು ನನ್ನನ್ನು ಕ್ಷಮಿಸಲಿ, ಮೆಚ್ಚಿಕೊಂಡೆ.

ಅಧಿಕಾರಿ ವೈರ್‌ಲೆಸ್ಸಿನಲ್ಲಿ ತನ್ನ ಹಡಗಿನವರೊಂದಿಗೆ ತುಂಬ ಹೊತ್ತು ಮಾತಾಡಿದ. ಕೊನೆಕೊನೆಗೆ ಅವನ ದನಿ ಏರಿತು, ಮುಖ ಕೆಂಪಾಯಿತು. ಆ ಹೆಂಗಸರನ್ನು ತಮ್ಮ ಹಡಗಿಗೆ ಹತ್ತಿಸಿಕೊಳ್ಳಲು ಅವನು ಕೇಳುತ್ತಿದ್ದ ಎಂದು ನನಗೆ ಅರ್ಥವಾಯಿತು. ಮೇಲಿನವರು ಒಪ್ಪಲಿಲ್ಲ. ಕಾಗದವಿಲ್ಲದವರನ್ನು ಹತ್ತಿಸಿಕೊಂಡರೆ ಯಾವ ಬಂದರಿನಲ್ಲಿ ಇಳಿಸುವುದು? ನಾಖುದನನ್ನೂ ನನ್ನನ್ನೂ ವಿಚಾರಣೆಗೆ ಹಡಗಿಗೆ ತರಬೇಕು, ಲಾಂಚು ಹೊರಟ ಬಂದರಿಗೇ ಮರಳಬೇಕು ಎಂದು ಆಜ್ಞೆಯಾಯಿತು. ಅವರ ಲೆಕ್ಕದಲ್ಲಿ ಅದು ನ್ಯಾಯವೇ. ಮಾರುವವರನ್ನು ಹಿಡಿದಾಯಿತು, ಸರಕನ್ನು ಬಂದಲ್ಲಿಗೆ ಕಳಿಸಿದಾಯಿತು.

ಎಳೆಯ ಅಧಿಕಾರಿ ಹೆಂಗಸರಿಗೆ ನೀರಿನ ಬಾಟಲಿ, ಬಿಸ್ಕತ್ತು ಕೊಡಿಸಿದ. ಇನ್ನು ನಿಮ್ಮನ್ನು ಯಾರೂ ಮಾರುವ ಹಾಗಿಲ್ಲ ಎಂದು ಅರಬಿಯಲ್ಲಿ ಹೇಳಿಸಿದ. ನನ್ನ ಕೈ ಕಟ್ಟಿ ದೋಣಿಗೆ ಇಳಿಸುವಾಗ ಸೈನಬಾ ಲಾಂಚಿನ ಅಂಚಿಗೆ ಬಂದು ನಿಂತಳು.

“ಪೊರ್ಬುಗಳೇ, ಎಂತ ಆಯ್ತು? ನಾನು ಎಂತದೂ ಹೇಳ್ಲಿಲ್ಲ!”

ಲಾಂಚಿನ ಕೆಲಸದ ಇಬ್ಬರು ಖಲಾಸಿಗಳು ಅದನ್ನು ವಾಪಸು ತಿರುಗಿಸಿದರು. ಅವಳು ಚೀಲ ಎದೆಗೊತ್ತಿಕೊಂಡು ಅಲ್ಲೇ ನಿಂತಿದ್ದಳು. ಕಾಣುವವರೆಗೂ ನಾನು ನೋಡಿದೆ.

ನಮ್ಮನ್ನು ಹನ್ನೊಂದು ದಿನ ಇಟ್ಟುಕೊಂಡರು. ಮೂರು ಹೊತ್ತು ಊಟ, ಮಲಗಲು ಹಾಸಿಗೆ. ತಪ್ಪೇನೂ ಕಾಣದೆ ಒಂದು ಬಂದರಿನಲ್ಲಿ ಇಳಿಸಿದರು. ಕಾನ್ಸುಲೇಟಿನವರು ವಿಮಾನ ಹತ್ತಿಸಿದರು. ಗುಲಾಮರ ವ್ಯಾಪಾರಿಯೆಂದು ಹಿಡಿದವನು ನವೆಂಬರಿನಲ್ಲಿ ಸುಖವಾಗಿ ಮಂಗಳೂರಿಗೆ ಬಂದಿಳಿದೆ. ಆಗ್ನೆಸ್ ಬಾಗಿಲು ತೆಗೆದಳು. ನನ್ನನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಆಟೋದವನು ಮಾತ್ರ ನಿಂತಿದ್ದ. ಅವಳು ಒಳಗೆ ಹೋಗಿ ನೀರು ಕಾಯಿಸಲು ಇಟ್ಟಳು. ಎರಡು ವಾರದ ಮೇಲೆ ಉಳ್ಳಾಲದಿಂದ ಸೈನಬಾಳ ತಾಯಿ ಮೈಮೂನಳ ಕೈಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ಹಿತ್ತಿಲಿನ ಕಡೆಯಿಂದ ಹೊರಗೆ ಹೋಗಿ ಚರ್ಚಿನಲ್ಲಿ ಕೂತೆ. ಅವರೊಂದಿಗೆ ಆಗ್ನೆಸ್ ಏನು ಮಾತಾಡಿದಳೋ ನನಗೆ ಇವತ್ತಿಗೂ ತಿಳಿಯದು.

ಯುದ್ಧ ಮುಗಿದು ತೊಂಬತ್ತೊಂದರ ಜೂನಿನಲ್ಲಿ ಕಂಪೆನಿ ನನ್ನನ್ನು ಮರಳಿ ಕರೆಸಿತು. ಎಣ್ಣೆಬಾವಿಗಳು ಉರಿಯುತ್ತಲೇ ಇದ್ದವು. ಮಧ್ಯಾಹ್ನ ಕಾರುಗಳು ದೀಪ ಹಚ್ಚಿಕೊಂಡು ಓಡುತ್ತಿದ್ದವು, ಒಗೆದು ಹಾಕಿದ ಅಂಗಿ ಕಪ್ಪಾಗುತ್ತಿತ್ತು. ಫಿಂಟಾಸ್‌ನ ಎದುರು ಮನೆಗೆ ಹೊಸ ಗೇಟು ಬಂದಿತ್ತು, ಒಳಗೆ ಕಾರು ನಿಂತಿತ್ತು. ಸಂಜೆ ಐದಕ್ಕೆ ಗೇಟು ತೆರೆದು ಸೈನಬಾ ಕಸದ ಚೀಲ ಹಿಡಿದು ಹೊರಗೆ ಬಂದಳು.

ನಾನು ಮೆಟ್ಟಿಲು ಇಳಿದು ಓಡಿದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಸೊರಗಿದ್ದಳು, ಮುಂದಿನ ಒಂದು ಹಲ್ಲು ಇರಲಿಲ್ಲ.

“ಲಾಂಚು ಶುಐಬಾಕ್ಕೆ ಮುಟ್ಟುವಾಗ ಸೈನಿಕರು ಕಾಯ್ತಾ ಇದ್ರು,” ಎಂದಳು. “ಸೌದಾಳನ್ನೂ ಮತ್ತೆ ಮೂರು ಜನರನ್ನೂ ಜೀಪಲ್ಲಿ ಹಾಕ್ಕೊಂಡು ಹೋದ್ರು. ಆಮೇಲೆ ಅವ್ರನ್ನು ನಾನು ಕಾಣ್ಲಿಲ್ಲ. ನಾನು ಗೋಡೆ ಬದಿಯಲ್ಲೇ ನಡ್ಕೊಂಡು ಇಲ್ಲಿಗೆ ಬಂದೆ. ಬೇರೆ ಎಲ್ಲಿಗೆ ಹೋಗುದು? ಒಳಗಿಂದ ನಾನೇ ಬೀಗ ಹಾಕ್ಕೊಂಡೆ.”

ಕಫೀಲ್ ಮೇ ತಿಂಗಳಲ್ಲಿ ಮರಳಿ ಬಂದು, ಮನೆ ಚೆನ್ನಾಗಿ ಕಾದೆ ಎಂದು ಹೊಗಳಿದನಂತೆ. ಪಾಸ್‌ಪೋರ್ಟು ಎಲ್ಲೋ ಕಳೆದುಹೋಯಿತು ಎಂದನಂತೆ. ಊರಿಗೆ ಹೋಗುವ ಮಾತೆತ್ತಿದರೆ ಬರುವ ವರ್ಷ ನೋಡೋಣ ಎನ್ನುತ್ತಾನಂತೆ.

ನನ್ನ ಪಟ್ಟಿಯಿಂದಲೇ ಹೀಗಾಯಿತು ಎಂದು ಬಾಯಿಬಿಟ್ಟು ಹೇಳಿದೆ. ಅವಳು ಚೀಲವನ್ನು ತೊಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

“ಪಟ್ಟಿ ವಿಷಯ ನಂಗೆ ಗೊತ್ತಿಲ್ಲ. ಆದ್ರೆ ಆ ಅರಬಿಯವ ಕೇಳಿದ್ದು ಎಂತ ಅಂತ ನಿಮ್ಗೆ ಗೊತ್ತುಂಟಾ?”

“ಇಲ್ಲ.”

“ನೀನು ಯಾರವಳು ಅಂತ ಕೇಳಿದ. ಎರಡು ಸಲ ಕೇಳಿದ. ಏಳು ವರ್ಷ ಇವ್ರ ಅಡುಗೆಮನೆಯಲ್ಲಿ ಇದ್ದೇನೆ, ನಂಗೆ ಅರಬಿ ನಿಮ್ಗಿಂತ ಚೆಂದ ಬರ್ತದೆ ಪೊರ್ಬುಗಳೇ. ಉಳ್ಳಾಲದ ಮಮ್ಮದೆಯ ಮಗಳು, ಮೈಮೂನನ ಉಮ್ಮ, ಮನೆಗೆ ಹೋಗ್ತಾ ಇದ್ದೇನೆ ಅಂತ ಹೇಳ್ಬೋದಿತ್ತು. ಬಾಯಿ ತುದಿಗೆ ಬಂದಿತ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಹೇಳ್ಬೇಡ ಅಂದಿದ್ರಿ.”

ಹತ್ತು ನಿಮಿಷ ಮುಗಿಯುತ್ತ ಬಂದಿತ್ತು. ಒಳಗಿನಿಂದ ಯಾರೋ ಕರೆದರು. ಅವಳು ಹೋದಳು.

ಮರುದಿನವೇ ದೇಶ ಬಿಟ್ಟುಹೋಗುವ ಪರವಾನಗಿಯ ಅರ್ಜಿ ತಂದೆ. ಸಂಜೆ ತೊಟ್ಟಿಯ ಮುಚ್ಚಳದ ಮೇಲೆ ಹಾಳೆಯಿಟ್ಟು, ಈ ಸಲ ಅವಳು ಹೇಳಿದ್ದನ್ನಷ್ಟೇ ಬರೆದೆ. ಹೆಸರು, ತಂದೆಯ ಹೆಸರು, ಊರು, ಮಗಳ ಹೆಸರು. ಕಫೀಲನ ಕಾಲಂ ಬಂದಾಗ ಏನು ಬರೆಯಲಿ ಎಂದು ಕೇಳಿದೆ. ಹೆಸರು ಬರೆದರೆ ಒಪ್ಪಿಗೆಗೆಂದು ಅವನನ್ನೇ ಕರೆಸುತ್ತಾರೆ. ಅವನು ಒಪ್ಪುವುದಿಲ್ಲ, ಮೇಲಾಗಿ ಅವಳ ಈ ಹತ್ತು ನಿಮಿಷವೂ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು.

“ಅಲ್ಲಿ ಗೆರೆ ಎಳೀರಿ,” ಎಂದಳು. “ನಾನು ಯಾರ ಹೆಸ್ರಲ್ಲೂ ಇಲ್ಲ.”

ಗೆರೆ ಎಳೆದೆ. ಅವಳು ಕೆಳಗೆ ಅರಬಿ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅಂಥ ಹಾಳೆ ಯಾವ ಕಚೇರಿಯ ಕಿಟಕಿಯನ್ನೂ ದಾಟುವುದಿಲ್ಲವೆಂದು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಅರ್ಜಿ ಮೂರನೆಯ ದಿನ ವಾಪಸು ಬಂತು. ಮತ್ತೆ ಕೊಟ್ಟೆ, ಮತ್ತೆ ಬಂತು. ಇವತ್ತು ನಾಲ್ಕನೆಯ ಸಲ. ಕಿಟಕಿಯ ಹಿಂದಿನ ಗುಮಾಸ್ತ ನನ್ನ ಪ್ರಾಯದವನೇ, ಒಳ್ಳೆಯ ಮನುಷ್ಯ. ಖಾಲಿ ಕಾಲಮ್ಮಿನ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಇಷ್ಟು ಸಣ್ಣ ವಿಷಯಕ್ಕೆ ಏಕೆ ಓಡಾಡುತ್ತೀರಿ ಎಂದು ಕನಿಕರದಿಂದ ಹೇಳಿದ.

“ಒಂದು ಹೆಸರು ಬರೆದು ತನ್ನಿ, ಸಾಕು. ಯಾರದಾದರೂ ಹೆಸರಿನಲ್ಲಿ ಇರಬೇಕಲ್ಲ.”

ಏಕೆ ಎಂದು ಅವನನ್ನು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಹಿಂದಿದ್ದವನನ್ನು ಮುಂದೆ ಕರೆದ.

ಸಂಜೆ ಐದಕ್ಕೆ ತೊಟ್ಟಿಯ ಬಳಿ ನಿಂತೆ. ಸೈನಬಾ ಗೇಟು ತೆರೆದು ಬಂದು, ನನ್ನ ಕೈಯಲ್ಲಿದ್ದ ಹಾಳೆಯ ಕೆಂಪು ಸುತ್ತು ನೋಡಿದಳು. ಚೀಲ ಹಾಕಿ, ಇನ್ನೂ ಎಂಟು ನಿಮಿಷ ಉಳಿದಿರುವಾಗಲೇ ಒಳಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು.